ಅಯೋಡಿನ್ನಿನ ಬೆಲೆ, ಉಪ್ಪಿನ ಬೆಲೆ

ಒಂದು ಕಿಲೋ ಅಡುಗೆ ಉಪ್ಪಿನಲ್ಲಿ, ಅದು ತಯಾರಾಗುವ ಸ್ಥಳದಲ್ಲಿ, 30 ಮಿಲಿಗ್ರಾಂ ಅಯೋಡಿನ್ ಇರಬೇಕು. ಮನೆಯ ಅಡುಗೆಕೋಣೆಯನ್ನು ತಲುಪುವ ಹೊತ್ತಿಗೆ 15 ಮಿಲಿಗ್ರಾಂ ಆದರೂ ಉಳಿದಿರಬೇಕು. ಭಾರತದ ಆಹಾರ ಕಾನೂನು ವಿಧಿಸಿರುವ ಪ್ರಮಾಣವಿದು. ಅಯೋಡಿನ್ನನ್ನು ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೇಟ್ ಎಂಬ ಲವಣದ ರೂಪದಲ್ಲಿ. ಲೆಕ್ಕ ಹಾಕಿದರೆ ಒಂದು ಟನ್ ಉಪ್ಪಿಗೆ ಬೇಕಾಗುವ ಅಯೋಡೇಟ್ ಸುಮಾರು 50 ಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವ ಒಬ್ಬ ವ್ಯಕ್ತಿಯ ಇಡೀ ವರ್ಷದ ಪಾಲು ಗ್ರಾಮಿನ ಐದನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಭಾರತಕ್ಕೆ ಅಯೋಡಿನ್ ಬರುವುದು ಮುಖ್ಯವಾಗಿ ಚಿಲಿ, ಜಪಾನುಗಳಿಂದ. ಅಷ್ಟು ದೂರದಿಂದ ಬಂದರೂ ಅದು ಒಂದು ಕಿಲೋ ಉಪ್ಪಿನ ಮೇಲೆ ಹೊರಿಸುವ ಖರ್ಚು ಪೈಸೆಗಳಲ್ಲಿ ಮುಗಿಯುತ್ತದೆ. ಆದರೆ ಅಯೋಡಿನ್ ಕಡ್ಡಾಯವಾದ ದಶಕಗಳಲ್ಲಿ ಅಂಗಡಿಯ ಉಪ್ಪಿನ ಬೆಲೆ ಏರಿದ್ದು ಪೈಸೆಗಳಲ್ಲಲ್ಲ. ಸೇರಿನಲ್ಲಿ ಅಳೆದು ಕೊಡುತ್ತಿದ್ದ ಕಲ್ಲುಪ್ಪಿಗೂ ಅದರ ಜಾಗಕ್ಕೆ ಬಂದ ಪೊಟ್ಟಣದ ಪುಡಿ ಉಪ್ಪಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿತ್ತು. ಆ ಅಂತರ ಎಲ್ಲಿಂದ ಬಂತು, ಅದನ್ನು ತೆತ್ತವರು ಯಾರು ಎಂಬ ಪ್ರಶ್ನೆ ಸಾರ್ವಜನಿಕ ಆರೋಗ್ಯದ ಇತಿಹಾಸಕ್ಕೂ ಸಂತೆಯ ಇತಿಹಾಸಕ್ಕೂ ಸಮಾನವಾಗಿ ಸೇರಿದ್ದು.

ಗಡಿಯಾಚೆಯ ಕನ್ನಡ ಪ್ರದೇಶಗಳಿಂದ ಈ ಪ್ರಶ್ನೆಯನ್ನು ನೋಡುವುದಕ್ಕೆ ಕಾರಣವಿದೆ. ಆದೋನಿ, ಹೊಸೂರು, ಕಾಸರಗೋಡುಗಳ ಕನ್ನಡಿಗರು ನೆರೆಯವರೊಡನೆ ತೆಲುಗು, ತಮಿಳು, ಮಲಯಾಳಗಳಲ್ಲಿ ವ್ಯವಹರಿಸುವಾಗಲೂ ‘ಉಪ್ಪು’ ಎಂಬ ಪದವನ್ನು ಬದಲಿಸಬೇಕಾಗಿಲ್ಲ. ಸೊಲ್ಲಾಪುರ, ಜತ್ತಗಳಲ್ಲಿ ಮಾತ್ರ ಅದು ‘ಮೀಠ’ ಆಗಬೇಕು. ಪದ ಒಂದೇ ಆಗಿದ್ದರೂ ಈ ಸೀಮೆಗಳಿಗೆ ಉಪ್ಪು ಬರುತ್ತಿದ್ದ ದಾರಿಗಳು ಒಂದೇ ಆಗಿರಲಿಲ್ಲ. ಕೆಲವೆಡೆ ಅದು ಸಮುದ್ರದಂಡೆಯ ಆಗರಗಳದು, ಕೆಲವೆಡೆ ಘಟ್ಟ ಹತ್ತಿ ಬಂದ ಹೇರುಗಳದು, ಕೆಲವೆಡೆ ಊರ ಹೊರಗಿನ ಸವಳು ನೆಲದ್ದು. ಸರ್ಕಾರ ಉಪ್ಪಿನ ಗುಣದ ಬಗ್ಗೆ ಮಾತನಾಡಿದಾಗಲೆಲ್ಲ ಈ ದಾರಿಗಳಲ್ಲಿ ಒಂದಲ್ಲ ಒಂದು ಮುಚ್ಚಿದೆ.

ಮೊದಲು ಮುಚ್ಚಿದ್ದು ಸವಳು ನೆಲದ ದಾರಿ. ಆದೋನಿ, ರಾಯದುರ್ಗಗಳು 1953ರಲ್ಲಿ ಆಂಧ್ರಕ್ಕೆ ಸೇರುವವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅವುಗಳಿಗೂ ಅನಂತಪುರದ ಕಡೆಯ ಬಯಲಿಗೂ ಸಮುದ್ರ ದೂರ. ಅಲ್ಲಿನವರು ಮಣ್ಣುಪ್ಪು ಮಾಡಿಕೊಳ್ಳುತ್ತಿದ್ದರು: ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಏಳುವ ಸವಳು ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ನೀರು ಸುರಿದು, ಇಳಿದ ಉಪ್ಪುನೀರನ್ನು ಗಾರೆ ಹಾಕಿದ ಕಟ್ಟೆಗಳಲ್ಲಿ ಒಣಗಿಸುವುದು. ಈ ಕೆಲಸದವರ ಹೆಸರೇ ಉಪ್ಪಾರರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರ ಮಣ್ಣುಪ್ಪಿನ ತಯಾರಿಕೆಯನ್ನು ಅಡಗಿಸಿತು; 1889ರ ಮದ್ರಾಸ್ ಉಪ್ಪಿನ ಕಾಯಿದೆ ಆ ನೀತಿಯನ್ನು ಬಿಗಿಗೊಳಿಸಿತು. ನಿಜವಾದ ಕಾರಣ ಸುಂಕ. ಹಳ್ಳಿ ಹಳ್ಳಿಯ ಮಣ್ಣಿನ ಗುಡ್ಡೆಯಿಂದ ಸುಂಕ ವಸೂಲು ಮಾಡಲು ಸಾಧ್ಯವಿರಲಿಲ್ಲ. ಆದರೆ ಅದರ ಜೊತೆಗೇ ಮಣ್ಣುಪ್ಪು ಕಲ್ಮಷದ್ದು, ತಿನ್ನಲು ಯೋಗ್ಯವಲ್ಲ ಎಂಬ ಮಾತೂ ಆಡಳಿತದ ಬರಹಗಳಲ್ಲಿ ಸೇರಿಕೊಂಡಿತು. ಆ ಮಾತಿನಲ್ಲಿ ಸುಳ್ಳೇ ತುಂಬಿತ್ತೆಂದಲ್ಲ. ಮಣ್ಣುಪ್ಪಿನಲ್ಲಿ ಬೇರೆ ಲವಣಗಳು ಬೆರೆತಿರುತ್ತವೆ. ಅದನ್ನು ಶುದ್ಧಗೊಳಿಸುವ ದಾರಿಯನ್ನು ಮಾತ್ರ ಸರ್ಕಾರ ಹುಡುಕಲಿಲ್ಲ, ಮುಚ್ಚುವುದನ್ನು ಆರಿಸಿಕೊಂಡಿತು. ಉಪ್ಪಾರರು ಕೆರೆ ತೋಡುವ, ಮಣ್ಣು ಹೊರುವ, ಗೋಡೆ ಕಟ್ಟುವ ಕೆಲಸಗಳಿಗೆ ತಿರುಗಿದರು. ಹೆಸರಿನಲ್ಲಿ ಮಾತ್ರ ಉಪ್ಪು ಉಳಿಯಿತು.

ಸುಂಕದ ಭಾರ ಎಷ್ಟೆಂಬುದನ್ನು ಅಳೆಯುವುದು ಸುಲಭ. 1907ರಲ್ಲಿ ಮಣಕ್ಕೆ 1 ರೂಪಾಯಿಗೆ ಇಳಿದಿದ್ದ ಸುಂಕ 1916ರಲ್ಲಿ 1 ರೂಪಾಯಿ 4 ಆಣೆಯಾಯಿತು. 1923ರಲ್ಲಿ ಇಮ್ಮಡಿಯಾಗಿ 2 ರೂಪಾಯಿ 8 ಆಣೆಗೆ ಏರಿ ಮರುವರ್ಷ ಮತ್ತೆ ಇಳಿಯಿತು. ಮಣಕ್ಕೆ 40 ಸೇರಿನ ಲೆಕ್ಕದಲ್ಲಿ 1923ರ ಸುಂಕವೊಂದೇ ಸೇರಿಗೆ 1 ಆಣೆ. ಬಡವನೂ ಸಾಹುಕಾರನೂ ತಿನ್ನುವ ಉಪ್ಪಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬೆಲೆ ಏರಿತೆಂದು ಯಾರೂ ಉಪ್ಪು ಬಿಡುವುದೂ ಇಲ್ಲ. ಖಜಾನೆಗೆ ಉಪ್ಪು ಪ್ರಿಯವಾದದ್ದಕ್ಕೂ 1930ರ ಸತ್ಯಾಗ್ರಹಕ್ಕೆ ಅದು ವಸ್ತುವಾದದ್ದಕ್ಕೂ ಕಾರಣ ಇದೊಂದೇ.

ಗೋವೆಯದು ಇನ್ನೊಂದು ಬಗೆ. ಅಲ್ಲಿನ ಮಿಠಾಗರಗಳ ಉಪ್ಪು ಲಂಬಾಣಿಗರ ಎತ್ತುಗಳ ಮೇಲೆ ಘಟ್ಟ ಹತ್ತಿ ಕನ್ನಡ ಸೀಮೆಗೆ ಬರುತ್ತಿತ್ತು. 1878ರ ಡಿಸೆಂಬರಿನಲ್ಲಿ ಆದ ಆಂಗ್ಲ–ಪೋರ್ಚುಗೀಸ್ ಒಪ್ಪಂದವು ಆ ಆಗರಗಳ ಹತೋಟಿಯನ್ನು ಬ್ರಿಟಿಷರ ಕೈಗೆ ಕೊಟ್ಟಿತು. ಪ್ರತಿಯಾಗಿ ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ. 1892ರಲ್ಲಿ ಒಪ್ಪಂದ ಮುಗಿಯುವ ಹೊತ್ತಿಗೆ ಹಳೆಯ ವ್ಯಾಪಾರದ ಜಾಡು ಕೆಟ್ಟುಹೋಗಿತ್ತು. ಇದಕ್ಕೆ ವಿರುದ್ಧವಾಗಿ, ಕಾಸರಗೋಡು ಆಗ ಸೇರಿದ್ದ ದಕ್ಷಿಣ ಕನ್ನಡದ ಕರಾವಳಿಯಲ್ಲಿಯೂ ಮಲಬಾರಿನಲ್ಲಿಯೂ, 1870ರ ದಶಕದಲ್ಲಿ ಫ್ರಾನ್ಸಿಸ್ ಡೇ ನಡೆಸಿದ ಮೀನುಗಾರಿಕೆಯ ವಿಚಾರಣೆಗಳ ನಂತರ, ಸರ್ಕಾರ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆಯಿತು. ಉಪ್ಪು ದುಬಾರಿಯಾದ್ದರಿಂದ ಮೀನು ಸರಿಯಾಗಿ ಹದವಾಗದೆ ಕೆಡುತ್ತಿತ್ತು. ಬೇಲಿಯೊಳಗೆ ಸುಂಕವಿಲ್ಲದ ಉಪ್ಪು ಕೊಟ್ಟು ಅಲ್ಲಿಯೇ ಹದ ಮಾಡಿಸುವುದು ಈ ಏರ್ಪಾಡಿನ ಉದ್ದೇಶ. ಆಹಾರದ ಗುಣಕ್ಕೆ ಷರತ್ತು ಹಾಕಿದ ಸರ್ಕಾರ ಆ ಷರತ್ತಿನ ಖರ್ಚನ್ನೂ ತಾನೇ ಹೊತ್ತ ಈ ಉದಾಹರಣೆಯನ್ನು ಮುಂದಿನ ಶತಮಾನದ ಆರೋಗ್ಯ ನೀತಿ ನೆನಪಿಟ್ಟುಕೊಂಡಂತೆ ಕಾಣುವುದಿಲ್ಲ.

1947ರ ಏಪ್ರಿಲ್ 1ರಿಂದ ಉಪ್ಪಿನ ಸುಂಕ ರದ್ದಾಯಿತು. ಸ್ವಾತಂತ್ರ್ಯದ ನಂತರ 10 ಎಕರೆಯವರೆಗಿನ ಆಗರಗಳಿಗೆ ಪರವಾನಗಿಯೇ ಬೇಡವೆಂದಾಯಿತು. 1953ರ ಕಾಯಿದೆಯಂತೆ ಬಂದ ಉಪಕರ ತೀರ ಅಲ್ಪ: ನಂತರದ ಅಳತೆಯಲ್ಲಿ 40 ಕಿಲೋಗೆ 14 ಪೈಸೆ, ಅಂದರೆ ಕಿಲೋಗೆ ಅರ್ಧ ಪೈಸೆಯೂ ಅಲ್ಲ. ಉಪ್ಪು ಮಾಡುವ ಹಕ್ಕು, ಕೊಳ್ಳುವ ಅಗ್ಗ ಇವೆರಡೂ ಒಟ್ಟಿಗೆ ಕೈಗೆ ಸಿಕ್ಕ ಕಾಲ ಅದು. ಅಯೋಡಿನ್ನಿನ ಕಥೆ ಆರಂಭವಾಗುವುದೂ ಅದೇ ದಶಕದಲ್ಲಿ.

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಹೋದ್ಯೋಗಿಗಳು ಆರಂಭಿಸಿದ ಪ್ರಯೋಗ ಈ ನೀತಿಯ ಬುನಾದಿ. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಪೂರೈಸಲಾಯಿತು. ಕೆಲವೇ ವರ್ಷಗಳಲ್ಲಿ ಮೊದಲೆರಡು ವಲಯಗಳ ಶಾಲಾ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಆಗ ಅದು ಹಿಮಾಲಯದ ತಪ್ಪಲಿನ ರೋಗವೆಂದೇ ಭಾವನೆ. ಮುಂದಿನ ಸಮೀಕ್ಷೆಗಳು ಆ ಭಾವನೆಯನ್ನು ಒಡೆದವು: ಚಿಕ್ಕಮಗಳೂರು, ಕೊಡಗುಗಳಂಥ ದಕ್ಷಿಣದ ಮಲೆನಾಡಿನ ಜಿಲ್ಲೆಗಳಲ್ಲಿಯೂ ಕೊರತೆ ಕಂಡಿತು, ಕೊರತೆಯಿಂದ ಪೂರ್ತಿ ಮುಕ್ತವಾದ ರಾಜ್ಯವೇ ಇಲ್ಲವೆಂದು ತಿಳಿಯಿತು. ಕುತ್ತಿಗೆಯ ಗಂಟು ಹೊರಗೆ ಕಾಣುವ ಗುರುತು ಮಾತ್ರ. ಗರ್ಭಿಣಿಯಲ್ಲಿ ಅಯೋಡಿನ್ ಕಡಿಮೆಯಾದರೆ ಶಿಶುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ ಗಳಗಂಡ ಹೋಗಿ ಅಯೋಡಿನ್ ಕೊರತೆಯ ದೋಷಗಳು ಎಂಬ ಮಾತು ಬಂದದ್ದು ಈ ತಿಳಿವಳಿಕೆಯಿಂದ. ಕಡಲ ಉಪ್ಪು ತಿನ್ನುವವರಿಗೆ ಈ ಚಿಂತೆ ಬೇಡವೆಂಬ ನಂಬಿಕೆ ಕರಾವಳಿಯಲ್ಲಿ ಈಗಲೂ ಉಂಟು. ಕಡಲ ಮೀನಿನಲ್ಲಿ ಅಯೋಡಿನ್ ಇದೆ, ನಿಜ. ಬಿಸಿಲಿಗೆ ಒಣಗಿದ ಕಡಲ ಉಪ್ಪಿನಲ್ಲಿ ಅದು ಲೆಕ್ಕಕ್ಕೆ ಬರುವಷ್ಟಿಲ್ಲ.

1980ರ ದಶಕದಲ್ಲಿ ಕೇಂದ್ರ ಸರ್ಕಾರ ದೇಶದ ತಿನ್ನುವ ಉಪ್ಪಿಗೆಲ್ಲ ಹಂತಹಂತವಾಗಿ ಅಯೋಡಿನ್ ಸೇರಿಸುವ ನಿರ್ಧಾರಕ್ಕೆ ಬಂತು; ಖಾಸಗಿ ತಯಾರಕರಿಗೂ ಬಾಗಿಲು ತೆರೆಯಿತು. ಟಾಟಾ ಉಪ್ಪಿನ ಪೊಟ್ಟಣ ಮಾರುಕಟ್ಟೆಗೆ ಬಂದದ್ದು 1983ರಲ್ಲಿ, ಗುಜರಾತಿನ ಮಿಠಾಪುರದಿಂದ. ಆ ಊರಿನ ಹೆಸರಿನಲ್ಲಿಯೂ ಉಪ್ಪೇ ಇದೆ ಎಂಬುದು ಭಾಷಾಭ್ಯಾಸಿಗಳಿಗೆ ಹೇಳಬೇಕಾದ್ದಿಲ್ಲ. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ ನಿಷೇಧ ಮೊದಲು ರಾಜ್ಯಗಳ ಮಟ್ಟದಲ್ಲಿ ಬಂತು, ಅದೂ ಒಂದೇ ರೀತಿಯಲ್ಲಲ್ಲ: ಕೆಲವು ಇಡೀ ರಾಜ್ಯಕ್ಕೆ, ಕೆಲವು ಆಯ್ದ ಜಿಲ್ಲೆಗಳಿಗೆ, ಕೆಲವು ಹೊರಡಿಸಲೇ ಇಲ್ಲ. ಗಡಿಯ ಸಂತೆಗಳಿಗೆ ಇದರ ಅರ್ಥ ಸ್ಪಷ್ಟ. ಒಂದೇ ಚೀಲದ ಉಪ್ಪು ಗಡಿಯ ಒಂದು ಬದಿಯಲ್ಲಿ ಆಹಾರ, ಇನ್ನೊಂದು ಬದಿಯಲ್ಲಿ ಅಪರಾಧ ಆಗಬಹುದಾಗಿತ್ತು. 1998ರ ಮೇ ತಿಂಗಳ ಕೇಂದ್ರ ಅಧಿಸೂಚನೆ ದೇಶವನ್ನೆಲ್ಲ ಒಂದೇ ನಿಷೇಧದಡಿ ತಂದಿತು.

ಹಾಗಾದರೆ ಬೆಲೆ ಏರಿದ್ದು ಎಲ್ಲಿ? ಅಯೋಡಿನ್ ತಾನಾಗಿ ದುಬಾರಿಯಲ್ಲ. ಅದನ್ನು ಉಪ್ಪಿನಲ್ಲಿ ಹಿಡಿದಿಡುವುದು ದುಬಾರಿ. ಆಗರದಿಂದ ನೇರವಾಗಿ ಬಂದ ಹರಳುಪ್ಪಿನಲ್ಲಿ ತೇವವಿದೆ. ಅಯೋಡೇಟ್ ದ್ರಾವಣವನ್ನು ಅದರ ಮೇಲೆ ಸಿಂಪಡಿಸಿದರೆ ಹರಳಿನ ಹೊರಮೈಗೆ ಮಾತ್ರ ಅಂಟುತ್ತದೆ. ಗೋಣಿಯಲ್ಲಿ ತುಂಬಿ ಮಳೆಗಾಲದಲ್ಲಿ ಸಾಗಿಸಿದರೆ ನೀರೊಡೆದು ಇಳಿದುಹೋಗುತ್ತದೆ. ಮನೆಯಲ್ಲಿ ಹರಳುಪ್ಪನ್ನು ತೊಳೆದು ಬಳಸುವ ರೂಢಿಯಿದ್ದರೆ ಉಳಿದದ್ದೂ ಹೋಗುತ್ತದೆ. 15 ಮಿಲಿಗ್ರಾಂ ಗ್ರಾಹಕನ ಮನೆಯವರೆಗೆ ಉಳಿಯಬೇಕಾದರೆ ಉಪ್ಪು ಒಣಗಿರಬೇಕು, ಪುಡಿಯಾಗಿರಬೇಕು, ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮುಚ್ಚಿರಬೇಕು. ಅಧಿಸೂಚನೆಯ ಅಕ್ಷರ ಅಯೋಡಿನ್ನನ್ನು ಕಡ್ಡಾಯ ಮಾಡಿತು. ಅದರ ಪರಿಣಾಮ ತೊಳೆಯುವ ಯಂತ್ರ, ಒಣಗಿಸುವ ಒಲೆ, ಪರೀಕ್ಷಾಲಯ, ಪೊಟ್ಟಣ, ದೂರದ ಸಾಗಣೆ, ಜಾಹೀರಾತು ಎಲ್ಲವನ್ನೂ ಸೇರಿಸಿ ಕಡ್ಡಾಯ ಮಾಡಿದಂತಾಯಿತು. ಕೊಳ್ಳುವವರು ಏರಿದ ಬೆಲೆಯನ್ನು ‘ಅಯೋಡಿನ್ ಉಪ್ಪಿನ ಬೆಲೆ’ ಎಂದರು. ಅದು ವಾಸ್ತವವಾಗಿ ಸಂಸ್ಕರಣೆಯ ಮತ್ತು ಮುದ್ರೆಯ ಬೆಲೆ.

ಈ ಖರ್ಚುಗಳ ಸ್ವಭಾವವೂ ಒಂದೇ ಅಲ್ಲ. ಅಯೋಡೇಟಿನ ಖರ್ಚು ಉಪ್ಪಿನ ತೂಕಕ್ಕೆ ತಕ್ಕಷ್ಟೇ ಏರುತ್ತದೆ, ಸಣ್ಣವನಿಗೂ ದೊಡ್ಡವನಿಗೂ ಸಮ. ಯಂತ್ರ, ಪರೀಕ್ಷಾಲಯಗಳ ಖರ್ಚು ಹಾಗಲ್ಲ. ಹತ್ತು ಟನ್ ಮಾಡಿದರೂ ಹತ್ತು ಸಾವಿರ ಟನ್ ಮಾಡಿದರೂ ಮೊದಲು ಹೂಡಬೇಕಾದ ಹಣ ಒಂದಿದ್ದೇ ಇದೆ. ಯುನಿಸೆಫ್ ಆರಂಭದಲ್ಲಿ ಕೆಲವು ಘಟಕಗಳನ್ನು ಒದಗಿಸಿತು. ಆದರೆ 10 ಎಕರೆಯೊಳಗಿನ ಆಗರದವನಿಗೆ ಅಂಥ ಘಟಕ ತನ್ನದಾಗಿ ಎಟುಕುವಂಥದ್ದಲ್ಲ. ಪರವಾನಗಿ ಬೇಡವೆಂದು ಗಣರಾಜ್ಯ ಅವನಿಗೆ ಕೊಟ್ಟ ಹಕ್ಕು ಕಾಗದದಲ್ಲಿ ಹಾಗೆಯೇ ಉಳಿಯಿತು. ಉಪ್ಪು ಮಾಡಬಹುದು, ತಿನ್ನಲೆಂದು ಮಾರುವಂತಿಲ್ಲ. ಸಂಸ್ಕರಣ ಘಟಕದವನಿಗೆ ಕಚ್ಚಾ ಉಪ್ಪನ್ನು ಅವನು ಹೇಳಿದ ಬೆಲೆಗೆ ಕೊಡುವುದಷ್ಟೇ ದಾರಿ. ದೇಶದ ಉಪ್ಪಿನ ಮುಕ್ಕಾಲು ಭಾಗಕ್ಕೂ ಹೆಚ್ಚು ಗುಜರಾತಿನದು, ನಂತರದ ಸ್ಥಾನ ತಮಿಳುನಾಡಿನದು. ಗೋಕರ್ಣದ ಬಳಿಯ ಸಾಣಿಕಟ್ಟೆಯಂತೆ ಸಹಕಾರಿ ಸಂಘದ ಆಸರೆಯಿದ್ದ ಆಗರಗಳು ತಾಳಿಕೊಂಡವು. ಗೋವೆಯ ಮಿಠಾಗರಗಳು ಹಿಂದೆ ಸರಿದದ್ದಕ್ಕೆ ನೆಲದ ಬೆಲೆ, ಕೂಲಿಯ ಅಭಾವಗಳೂ ಕಾರಣ. ಎಲ್ಲವನ್ನೂ ಅಯೋಡಿನ್ ನಿಯಮದ ಮೇಲೆ ಹೊರಿಸುವುದು ನ್ಯಾಯವಲ್ಲ.

ಪೊಟ್ಟಣ ತಂದ ಇನ್ನೊಂದು ಬದಲಾವಣೆ ಭಾಷೆಗೆ ಸಂಬಂಧಿಸಿದ್ದು. ಅಳೆದು ಕೊಡುವ ಉಪ್ಪಿನ ಬೆಲೆ ಮಾತಿನಲ್ಲಿ ತೀರ್ಮಾನವಾಗುತ್ತಿತ್ತು; ದುಡ್ಡಿನ ಬದಲು ಧಾನ್ಯವನ್ನೂ ಕೊಡಬಹುದಾಗಿತ್ತು. ಬಂಡಿಗಳಲ್ಲಿ ಉಪ್ಪು ತಂದು ಭತ್ತಕ್ಕೆ ಬದಲಿಸುವ ಉಮಣರು ಸಂಗಂ ಕಾವ್ಯಗಳಲ್ಲಿಯೇ ಕಾಣುತ್ತಾರೆ. ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರುತ್ತದೆ, ಅದು ಸಂತೆಯಲ್ಲಿ ಹುಟ್ಟಿದ ಬೆಲೆಯಲ್ಲ. ಕಾನೂನು ಬೇಡುವ ಉಳಿದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ತಯಾರಕನ ಇಚ್ಛೆ. ಉಪ್ಪಿನಲ್ಲಿ ಅಯೋಡಿನ್ ಏಕಿದೆ, ಅದನ್ನು ಹೇಗೆ ಮುಚ್ಚಿಡಬೇಕು ಎಂಬ ಆರೋಗ್ಯದ ಮಾತು ತಾಳವಾಡಿಯ ಅಥವಾ ಅಕ್ಕಲಕೋಟೆಯ ಕನ್ನಡ ಮನೆಗೆ ಕನ್ನಡದಲ್ಲಿ ತಲುಪಲೇಬೇಕೆಂಬ ಕಟ್ಟಳೆ ಎಲ್ಲಿಯೂ ಇಲ್ಲ. ತಿಳಿಸಿ ಹೇಳದೆ ಬೆಲೆಯನ್ನು ಮಾತ್ರ ಕಡ್ಡಾಯಗೊಳಿಸಿದಾಗ, ಅಗ್ಗದ ಹರಳುಪ್ಪನ್ನೇ ಹುಡುಕಿಕೊಂಡು ಹೋಗುವವರನ್ನು ಅಜ್ಞಾನಿಗಳೆನ್ನುವುದು ಸುಲಭ.

ನಿಷೇಧಕ್ಕೆ ವಿರೋಧ ಬಂದದ್ದು ಎರಡು ದಿಕ್ಕುಗಳಿಂದ: ಸಣ್ಣ ಉತ್ಪಾದಕರು ಮತ್ತು ದಂಡಿಯನ್ನು ನೆನಪಿಸಿದ ಗಾಂಧಿವಾದಿಗಳು. 2000ದ ಸೆಪ್ಟೆಂಬರಿನಲ್ಲಿ ವಾಜಪೇಯಿ ಸರ್ಕಾರ, ಇಂಥ ವಿಷಯಗಳನ್ನು ಜನರ ಆಯ್ಕೆಗೆ ಬಿಡಬೇಕೆಂಬ ವಾದದೊಂದಿಗೆ, ಕೇಂದ್ರದ ನಿಷೇಧವನ್ನು ತೆಗೆದಿತು. ವೈದ್ಯರು ಗಟ್ಟಿಯಾಗಿ ಪ್ರತಿಭಟಿಸಿದರು. 2005ರಲ್ಲಿ ಹೊಸ ಅಧಿಸೂಚನೆ ಹೊರಟು 2006ರ ಮೇ 17ರಿಂದ ನಿಷೇಧ ಮರಳಿತು. ಅದನ್ನು ಪ್ರಶ್ನಿಸಿದ ಅರ್ಜಿಯ ತೀರ್ಪನ್ನು ಸುಪ್ರೀಂ ಕೋರ್ಟು 2011ರ ಜುಲೈ 4ರಂದು ಕೊಟ್ಟಿತು. ನ್ಯಾಯಮೂರ್ತಿಗಳಾದ ಆರ್. ವಿ. ರವೀಂದ್ರನ್ ಮತ್ತು ಬಿ. ಸುದರ್ಶನ ರೆಡ್ಡಿ ಅವರ ಪೀಠ ವೈದ್ಯಕೀಯ ವಿವಾದಕ್ಕೆ ಅಂತಿಮ ಉತ್ತರ ಕೊಡಲು ಹೋಗದೆ ಕಾಯಿದೆಯ ವ್ಯಾಪ್ತಿಯನ್ನು ನೋಡಿತು. ಕಲಬೆರಕೆ ತಡೆಯಲು ಇರುವ ಕಾಯಿದೆಯಡಿ, ಕಲಬೆರಕೆಯೂ ಅಲ್ಲದ, ವಿಷವೂ ಅಲ್ಲದ ಸಾದಾ ಉಪ್ಪನ್ನು ನಿಷೇಧಿಸುವ ನಿಯಮ ಮಾಡಲು ಬರುವುದಿಲ್ಲವೆಂದು ನಿಯಮವನ್ನು ಅಸಿಂಧುಗೊಳಿಸಿತು. ಆದರೆ ಜನರ ಆರೋಗ್ಯದ ದೃಷ್ಟಿಯಿಂದ ಅದನ್ನು ಆರು ತಿಂಗಳು ಮುಂದುವರಿಸಲು ಅವಕಾಶ ಕೊಟ್ಟಿತು. ಅಷ್ಟರಲ್ಲಿ ಆಹಾರ ಸುರಕ್ಷತಾ ಕಾಯಿದೆಯ 2011ರ ನಿಬಂಧನೆಗಳಲ್ಲಿ ಅದೇ ನಿರ್ಬಂಧ ಹೊಸ ಆಧಾರದ ಮೇಲೆ ಸೇರಿಕೊಂಡಿತು. ಬಳ್ಳಾರಿಯ ಮಣ್ಣುಪ್ಪನ್ನು ಕಲ್ಮಷವೆಂದು ಕರೆದ ಆಡಳಿತವನ್ನು ಯಾವ ನ್ಯಾಯಾಲಯವೂ ಹೀಗೆ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಕಡ್ಡಾಯ ಫಲ ಕೊಟ್ಟಿತೇ? 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಕಂಡದ್ದು ಸುಮಾರು ಅರ್ಧದಷ್ಟು ಮನೆಗಳಲ್ಲಿ. ಬಡ ಮನೆಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. 2018–19ರ ಅಖಿಲ ಭಾರತ ಅಯೋಡಿನ್ ಸಮೀಕ್ಷೆಯಲ್ಲಿ ಅದು ಶೇಕಡ 76.3. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಸಮೀಕ್ಷೆಯಲ್ಲಿ ತೀರ ಕೆಳಗಿದ್ದ ರಾಜ್ಯಗಳು ತಮಿಳುನಾಡು, ಶೇಕಡ 61.9, ಆಂಧ್ರಪ್ರದೇಶ, ಶೇಕಡ 63.9. ಎರಡೂ ಉದ್ದ ಕಡಲತೀರದ, ತಮ್ಮದೇ ಆಗರಗಳುಳ್ಳ ರಾಜ್ಯಗಳು. ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾಗಳ ಕನ್ನಡ ಮನೆಗಳು ಸೇರಿರುವುದೂ ಇವಕ್ಕೇ. ಆಗರ ಹತ್ತಿರವಿದ್ದಷ್ಟೂ ಅಗ್ಗದ ಹರಳುಪ್ಪು ಸಲೀಸಾಗಿ ಸಿಗುತ್ತದೆ, ಪೊಟ್ಟಣದ ಬೆಲೆ ಅಷ್ಟೇ ಎತ್ತರವಾಗಿ ಕಾಣುತ್ತದೆ. ಆಗರವೇ ಇಲ್ಲದ ದೂರದ ರಾಜ್ಯದಲ್ಲಿ ಆ ಹೋಲಿಕೆಗೆ ಆಸ್ಪದವಿಲ್ಲ. ಬರುವ ಉಪ್ಪೆಲ್ಲ ರೈಲಿನಲ್ಲಿ ಬಂದ ಪೊಟ್ಟಣವೇ. ದಕ್ಷಿಣದ ಅಡುಗೆಯಲ್ಲಿ ಹರಳುಪ್ಪಿಗಿರುವ ಸ್ಥಾನವೂ ಒಂದು ಕಾರಣ. ಆದರೆ ರುಚಿಯನ್ನು ಮಾತ್ರ ಹೆಸರಿಸಿ ಬೆಲೆಯನ್ನು ಬಿಟ್ಟರೆ ವಿವರಣೆ ಅರ್ಧವಾಗುತ್ತದೆ.

ಐದು ಜನರ ಮನೆಗೆ ತಿಂಗಳಿಗೆ ಬೇಕಾಗುವ ಉಪ್ಪು ಸುಮಾರು ಒಂದೂವರೆ ಕಿಲೋ. ಕಿಲೋಗೆ 10 ರೂಪಾಯಿಯ ವ್ಯತ್ಯಾಸವಿದ್ದರೂ ತಿಂಗಳಿಗೆ 15 ರೂಪಾಯಿ. ಒಂದು ಮಗುವಿನ ಬುದ್ಧಿಶಕ್ತಿಯ ಎದುರಿಗೆ ಈ ಮೊತ್ತವನ್ನು ಇಟ್ಟರೆ ಕಡ್ಡಾಯದ ಪರವಾಗಿ ಬೇರೆ ವಾದ ಬೇಕಾಗುವುದಿಲ್ಲ. ವಿವಾದ ಇರುವುದು ಆ 15 ರೂಪಾಯಿ ಯಾರ ಜೇಬಿನಿಂದ ಹೋಗಿ ಯಾರ ಜೇಬನ್ನು ಸೇರುತ್ತದೆ ಎಂಬಲ್ಲಿ. ಹಳೆಯ ಸುಂಕ ಖಜಾನೆಗೆ ಹೋಗುತ್ತಿತ್ತು, ಅದನ್ನು ರದ್ದು ಮಾಡಿ ಎಂದು ಖಜಾನೆಯನ್ನು ಕೇಳಬಹುದಾಗಿತ್ತು. ಇಂದು ಉಪ್ಪಿಗೆ ಜಿಎಸ್‌ಟಿ ಇಲ್ಲ. ರದ್ದು ಮಾಡಿ ಎಂದು ಕೇಳಲು ತೆರಿಗೆಯೇ ಇಲ್ಲ. ಸರ್ಕಾರದ ಆದೇಶದಿಂದ ಹುಟ್ಟಿದ ಖರ್ಚು ಸರ್ಕಾರದ ಯಾವ ಲೆಕ್ಕಪತ್ರದಲ್ಲಿಯೂ ಕಾಣದೆ ಪೊಟ್ಟಣದ ಬೆಲೆಯೊಳಗೆ ಕುಳಿತಿದೆ.

ಆ ಖರ್ಚನ್ನು ಸ್ವಲ್ಪವಾದರೂ ಹೊರಗೆ ತಂದ ಒಂದು ಪ್ರಯತ್ನ ತಮಿಳುನಾಡಿನದು. 2014ರ ಜೂನ್‌ನಲ್ಲಿ ಜಯಲಲಿತಾ ಸರ್ಕಾರ ತಮಿಳುನಾಡು ಉಪ್ಪಿನ ನಿಗಮದ ಮೂಲಕ ‘ಅಮ್ಮ ಉಪ್ಪು’ ಮಾರಲು ತೊಡಗಿತು. ರಾಮನಾಥಪುರ ಜಿಲ್ಲೆಯ ವಾಲಿನೋಕ್ಕಂನ ಆಗರಗಳಿಂದ ಬಂದ ಈ ಉಪ್ಪಿನಲ್ಲಿ ಅಯೋಡಿನ್ ಮಾತ್ರ ಸೇರಿಸಿದ್ದು ಕಿಲೋಗೆ 10 ರೂಪಾಯಿ, ಅಯೋಡಿನ್ನೂ ಕಬ್ಬಿಣವೂ ಸೇರಿದ್ದು 14, ಸೋಡಿಯಂ ಕಡಿಮೆಯಿರುವುದು 21. ಮಾರುಕಟ್ಟೆಯ ಬೆಲೆಗಿಂತ ಕಡಿಮೆಯಾದ ಈ ದರ ರಾಜ್ಯದೊಳಗಿನ ಮಾರಾಟಕ್ಕೆ ನಿಗದಿಯಾದದ್ದು. ಅದನ್ನು ಘೋಷಿಸಿದ ನಾಲ್ಕು ವರ್ಷಗಳ ನಂತರವೂ ಹತ್ತರಲ್ಲಿ ನಾಲ್ಕು ಮನೆಗಳು ಅಲ್ಲಿ ಸಾಕಷ್ಟು ಅಯೋಡಿನ್ ಇಲ್ಲದ ಉಪ್ಪನ್ನೇ ಬಳಸುತ್ತಿದ್ದವು. ಜಾನುವಾರಿಗೆ, ಕೈಗಾರಿಕೆಗೆ, ಆಹಾರ ಕೆಡದಂತೆ ಇಡುವುದಕ್ಕೆ ಎಂದು ನಮೂದಿಸಿದರೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರಲು 2011ರ ನಿಬಂಧನೆಯೇ ಅವಕಾಶ ಕೊಡುತ್ತದೆ. ಆ ನಮೂದಿನ ಚೀಲದಲ್ಲಿರುವುದು ಹಿಂದೆ ಸೇರಿನಲ್ಲಿ ಅಳೆಯುತ್ತಿದ್ದ ಅದೇ ಹರಳುಪ್ಪು.